ನನ್ನ ಬಾನೆಟ್ಟಿನೊಳಗೆ ಬೇರೆಯವರ ಭಂಡಾರ

ಔಷಧದ ಡಬ್ಬಿಯೊಳಗೆ ಮಡಿಸಿಟ್ಟಿರುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರಗಳ ಕಾಗದ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಮನುಷ್ಯ ಖಾನಾಪುರ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅಲ್ಲಿಯ ಪೇಟೆಯಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಕಾಗದದಲ್ಲಿ ‘ಅಪರೂಪಕ್ಕೆ ತಲೆ ಸುತ್ತಬಹುದು’ ಎಂದು ಬರೆದಿದ್ದರೆ ಆ ಸಾಲು ಮುಗಿಯುವ ಮೊದಲೇ ನನಗೆ ಸುತ್ತಿರುತ್ತದೆ. ಗುಳಿಗೆ ನುಂಗಿದವರು ಮಾತ್ರ ಆರಾಮಾಗಿ ಮನೆ ಸೇರಿರುತ್ತಾರೆ.

ಮನೆ ಇರುವುದು ಬೆಳಗಾವಿಯಲ್ಲಿ, ಹಿಂಡಲಗಾದ ಕಡೆ. ನಾನೂ ಹೆಂಡತಿಯೂ ಕೂಡಿ ಎಲ್ಲಿಗಾದರೂ ಹೊರಟರೆ, ಬೀದಿಯ ತಿರುವಿನಿಂದ ವಾಪಸು ಬಂದು ಬಾಗಿಲಿನ ಕೀಲಿಯನ್ನು ಜಗ್ಗಿ ನೋಡದೆ ನನ್ನ ಗಾಡಿ ಮುಂದೆ ಹೋಗುವುದಿಲ್ಲ. ಆಕೆ ಕಾರಿನಿಂದ ಇಳಿಯುವುದೂ ಇಲ್ಲ. ಕೂತಲ್ಲಿಂದಲೇ, “ಹಿಂಡಲಗಾ ಜೇಲಿನ್ಯಾಗ ಸೈತ ನಿಮ್ಮಷ್ಟ ಸಲ ಕೀಲಿ ಜಗ್ಗಿ ನೋಡಂಗಿಲ್ಲ ಬಿಡ್ರಿ” ಅನ್ನುತ್ತಾಳೆ.

ಇಂಥ ನನ್ನ ಚಿಂತೆಗೆ ಜಗತ್ತಿನಲ್ಲಿ ಒಂದೇ ಒಂದು ಕಡೆ ರಜೆ ಸಿಗುತ್ತಿತ್ತು. ಅದು ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ, ತಗಡು ಹೊದಿಸಿದ ಒಂದು ಶೆಡ್ಡು. ಕಾರಿನ ಎ.ಸಿ. ರಿಪೇರಿ ಮಾಡುವ ನನ್ನ ಗೆಳೆಯನದು. ನಾವಿಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನವರು. ಇಬ್ಬರ ಕೊರಳಲ್ಲೂ ಲಿಂಗ, ಇಬ್ಬರಿಗೂ ಗಣಿತದಲ್ಲಿ ಒಂದೇ ಮಾಸ್ತರರಿಂದ ಪೆಟ್ಟು. ಅವನು ದೊಡ್ಡ ಗಂಟಲಿನ, ಊರೆಲ್ಲ ಪರಿಚಯ ಇರುವ ಮನುಷ್ಯ. ಕೈಯಲ್ಲಿ ಬೋಲ್ಟು ತಿರುವುವ ಪಾನಾ ಹಿಡಿದರೆ ಬಾಯಿ ಇನ್ನೂ ಜೋರಾಗುತ್ತದೆ. ಗಿರಾಕಿ ಮರಾಠಿಯವರಾದರೆ ಮರಾಠಿಯಲ್ಲಿ, ಕನ್ನಡದವರಾದರೆ ಕನ್ನಡದಲ್ಲಿ, ಗೋವಾದಿಂದ ಬಂದವರಾದರೆ ತನಗೆ ಬರದ ಕೊಂಕಣಿಯಲ್ಲಿ ಜಂಭ ಹೊಡೆಯುತ್ತಾನೆ. ಅವನ ಶೆಡ್ಡಿಗೆ ಗಾಡಿ ಬಿಟ್ಟು ಕೀಲಿಕೈ ಕೊಟ್ಟೆನೆಂದರೆ, ಅಲ್ಲಿದ್ದ ಹರಿದ ಸೀಟಿನ ಮೇಲೆ ನಾನು ನಿದ್ದೆ ಹೋಗಬಲ್ಲವನಾಗಿದ್ದೆ. ಹೋಗಿದ್ದೇನೆ ಕೂಡ.

ನಮ್ಮ ಕಡೆ ಒಂದು ರೀತಿ ಇದೆ. ಕೆಲಸವನ್ನು ನಮ್ಮವರ ಕೈಗೆ ಕೊಟ್ಟ ಮೇಲೆ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಕೇಳಬಾರದು. ಕೇಳಿದರೆ ಅವನನ್ನು ಬೇರೆಯವನೆಂದು ಲೆಕ್ಕ ಹಿಡಿದಂತೆ. ಬೆಳಗಾವಿಯಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಗಾಜಿನ ಆಚೆಯಿಂದ ನಿಮ್ಮ ಗಾಡಿಯನ್ನು ತೋರಿಸುವ ದೊಡ್ಡ ದೊಡ್ಡ ವರ್ಕ್‌ಶಾಪುಗಳಿವೆ. ನಾನು ಅವುಗಳ ಮುಂದೆಯೇ ದಿನಾ ಹಾದು, ಎ.ಸಿ.ಗೆ ಖಾನಾಪುರಕ್ಕೇ ಹೋಗುತ್ತಿದ್ದೆ.

“ಗ್ಯಾಸಿನ ಬಟನ್ ಬಂದ್ ಮಾಡೇನಂದ್ರ ನನ್ನ ಮಾತ ನಂಬಂಗಿಲ್ಲ, ಎದ್ದ ಹೋಗಿ ನೋಡತೀರಿ” ಎಂದು ಹೆಂಡತಿ ಒಮ್ಮೆ ಕೇಳಿದ್ದಳು. “ಆ ನಿಮ್ಮ ದೋಸ್ತಗ ಇಡೀ ಗಾಡಿನ ಕೊಟ್ಟ ಬರತೀರಲ್ಲ?”

“ಅಂವಾ ಬ್ಯಾರೇ” ಎಂದಿದ್ದೆ. ನೋಡಿ ಉತ್ತರ.

ಹೋದ ಬೇಸಿಗೆಯಲ್ಲಿ ಎ.ಸಿ. ಕೆಟ್ಟಿತು. ಗಾಳಿಯೇನೋ ಜೋರಾಗಿ ಬರುತ್ತಿತ್ತು, ಆದರೆ ಒಲೆಯ ಬಾಯಿಗೆ ಮುಖ ಕೊಟ್ಟಂತೆ. ಬೆಳಗಾವಿಯ ಸಗಟು ಅಂಗಡಿಯಿಂದ ನಾನು ಇನ್ಸುಲಿನ್ನಿನಂಥ, ತಣ್ಣಗೇ ಇರಬೇಕಾದ ಔಷಧಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ತರುತ್ತೇನೆ. ಪೆಟ್ಟಿಗೆಯಲ್ಲಿ ಐಸು ಇರುತ್ತದೆ, ನಿಜ. ಆದರೆ ಐಸು ಕರಗಿದರೆ? ಕರಗಿದ್ದು ನನಗೆ ಗೊತ್ತಾಗದಿದ್ದರೆ? ನಾನು ಕಾರು ನಡೆಸುವುದು ಬಿಟ್ಟು ಪೆಟ್ಟಿಗೆಯ ಮುಚ್ಚಳ ತೆಗೆದು ತೆಗೆದು ನೋಡಿ, ಇದ್ದ ತಂಪನ್ನೂ ಕಳೆಯತೊಡಗಿದೆ. ಕಿಟಕಿ ತೆರೆಯೋಣವೆಂದರೆ ಅಗೆದ ರಸ್ತೆಯ ಕೆಂಪು ಧೂಳು. ಅಂಗಡಿ ತಲುಪುವಷ್ಟರಲ್ಲಿ ನನ್ನ ಬಿಳಿ ಅಂಗಿ ಕೆಮ್ಮಣ್ಣು ಬಳಿದ ಗೋಡೆಯಂತಾಗುತ್ತಿತ್ತು.

ಗೆಳೆಯನ ಹತ್ತಿರ ಹೋಗುವ ಮೊದಲು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ನೋಡಬಾರದಿತ್ತು. ಒಬ್ಬ ಬೆಲ್ಟು ಅಂದ, ಇನ್ನೊಬ್ಬ ಫ್ಯೂಜು ಅಂದ, ಮತ್ತೊಬ್ಬ ಡ್ಯಾಶ್‌ಬೋರ್ಡನ್ನೇ ಪೂರ್ತಿ ಬಿಚ್ಚಿ ಹಾಸಿಗೆಯ ಮೇಲೆ ಹರಡಿ, ಒಳಗೆ ಇಲಿ ಗೂಡು ಕಟ್ಟಿದ್ದನ್ನು ತೋರಿಸಿದ. ಆ ರಾತ್ರಿ ನನ್ನ ಎ.ಸಿ.ಗೆ ಅಷ್ಟೂ ರೋಗಗಳು ಒಟ್ಟಿಗೇ ಇದ್ದವು.

“ಗ್ಯಾಸ್ ಕಡಿಮಿ ಆಗೇತಿ” ಎಂದ ಗೆಳೆಯ, ಬಾನೆಟ್ ಎತ್ತುವ ಮೊದಲೇ.

“ಗ್ಯಾಸ್ ತಾನ ಹೆಂಗ ಕಡಿಮಿ ಆಗತೈತಿ? ಎಲ್ಲೋ ಸೋರತಿರಬೇಕು. ಎಲ್ಲಿ ಸೋರತೈತಿ ಅಂತ ಮೊದಲ ಹುಡುಕಬೇಕಂತ. ವಿಡಿಯೋದಾಗ ಹೇಳ್ಯಾರು.”

“ಹಂಗಾರ ವಿಡಿಯೋದಾವನ ಕಡೇನ ಹೋಗಲೇ. ಇಲ್ಲ್ಯಾಕ ಬಂದಿ?”

“ಹಂಗಲ್ಲೋ...”

“ನೀ ಗುಳಿಗಿ ಮಾರು, ನಾ ಗ್ಯಾಸ್ ತುಂಬತೀನಿ. ಒಳಗ ಏನೈತಿ ಅಂತ ನಿನ್ನ ಗುಳಿಗಿ ಒಡದ ನೋಡೇನೇನ ನಾ ಯಾವಾಗರೆ?”

ಆದರೂ ನನ್ನ ಸಮಾಧಾನಕ್ಕೆಂದು ಅವನು ಪೈಪಿನ ಜೋಡಣೆಗಳಿಗೆಲ್ಲ ಸಾಬೂನಿನ ನೀರು ಹಚ್ಚಿದ. ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು. “ನೋಡು, ಸಿಕ್ಕ ಕಳ್ಳ” ಎಂದು ವಾಷರ್ ಬದಲಿಸಿದ. ಮುಂದೆ ರೇಡಿಯೇಟರಿನ ಹತ್ತಿರ ಇರುವ ಜಾಲರಿಯಂಥದ್ದು ಧೂಳು ತುಂಬಿ ಹಂಚಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಬಿಚ್ಚಿ ತೊಳೆಯಬೇಕು, ಗಾಡಿ ಇಲ್ಲೇ ಇರಲಿ ಅಂದ. ಕೀಲಿಕೈ ಕೊಟ್ಟು ಬಸ್ಸಿಗೆ ಹೋದೆ.

ಮಾರನೇ ದಿನ ಫೋನು ಬಂತು. “ಇನ್ನೊಂದೆರಡ ದಿನ ಇರಲಿ. ಕಂಪ್ರೆಸರ್ ಸಣ್ಣಗ ಆವಾಜ್ ಮಾಡಾಕತ್ತೈತಿ. ಹೆಂಗೂ ಬಿಚ್ಚೇನಿ, ಅದನೂ ಸ್ವಚ್ಛ ಮಾಡಿ ಕುಂದ್ರಸತೀನಿ.”

ಕಂಪ್ರೆಸರ್ ಅಂದರೆ ಎ.ಸಿ.ಯ ಗುಂಡಿಗೆ ಇದ್ದಂತೆ. ಗ್ಯಾಸನ್ನು ಒತ್ತಿ ಮುಂದೆ ದೂಡುವುದು ಅದರ ಕೆಲಸ. ಬೇರೆ ಯಾರಾದರೂ ನನ್ನ ಗಾಡಿಯ ಗುಂಡಿಗೆ ಬಿಚ್ಚಿದ್ದೇನೆ ಅಂದಿದ್ದರೆ ನಾನು ನೆಹರು ನಗರದ ಆಸ್ಪತ್ರೆಯಲ್ಲಿ ನನ್ನದನ್ನೇ ತೋರಿಸಿಕೊಳ್ಳಬೇಕಾಗುತ್ತಿತ್ತು. ಅವನು ಅಂದದ್ದಕ್ಕೆ, ಕೇಳದೆಯೇ ಮುಂದಿನ ಕೆಲಸ ಮಾಡುತ್ತಿದ್ದಾನಲ್ಲ ಎಂದು ಉಬ್ಬಿದೆ. ಐಸಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದ ಆ ದಿನಗಳಲ್ಲಿ, ಬಾಜೂ ಸೀಟಿನವರು ಕೇಳದಿದ್ದರೂ ಅವನ ಗುಣಗಾನ ಮಾಡಿದ್ದೇನೆ. ಒಬ್ಬರಿಗೆ ಅವನ ಫೋನ್ ನಂಬರನ್ನೂ ಕೊಟ್ಟೆ.

ಗಾಡಿ ವಾಪಸು ಬಂದಾಗ ತಂಪು ಬರುತ್ತಿತ್ತು. ಆದರೆ ಎ.ಸಿ. ಹಾಕಿದ ಕೂಡಲೇ ಮುಂದಿನಿಂದ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದಂಥ ಸದ್ದು. ಕೇಳಿದೆ. ಹೊಸ ಎಣ್ಣೆ ಹಾಕಿದ್ದೇನೆ, ಹೊಂದಿಕೊಳ್ಳಲು ದಿನ ಹಿಡಿಯುತ್ತದೆ ಅಂದ ಗೆಳೆಯ. ಅದನ್ನೇ ನಾನು ನನ್ನ ಸ್ವಂತ ಜ್ಞಾನ ಎಂಬಂತೆ ಹೆಂಡತಿಗೆ ವಿವರಿಸಿದೆ.

“ಹೊಸಾ ಸೊಸಿ ಹೊಂದಕೊಳ್ಳಾಕ ಇಷ್ಟ ಹೊತ್ತ ತಗೊಳ್ಳೂದಿಲ್ಲ” ಅಂದಳು ಆಕೆ, ಅಡಿಕೆ ಕತ್ತರಿಸುವುದು ಮಳೆಗಾಲದವರೆಗೂ ನಡೆದಾಗ. ತಂಪೂ ಬರಬರುತ್ತ ಕಡಿಮೆಯಾಗಿತ್ತು. ಮಳೆ ಹಿಡಿದ ಮೇಲೆ ಎ.ಸಿ. ಯಾರಿಗೆ ಬೇಕು? ಗಾಜಿಗೆ ಮಂಜು ಕೂತಾಗ ಬಟ್ಟೆಯಿಂದ ಒರೆಸಿಕೊಂಡು ಓಡಾಡಿದೆ.

ಮಹಾನವಮಿ ಬಂತು. ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ಕುಡಗೋಲು, ಈಳಿಗೆಮಣೆ, ಇಸ್ತ್ರಿ ಪೆಟ್ಟಿಗೆ, ಕೊನೆಗೆ ಕಾರು. ಎಲ್ಲರೂ ಕಾರಿನ ಹೊರಗೆ ಪೂಜೆ ಮಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಕೆಡುವುದು ಒಳಗಿನ ಸಾಮಾನು, ಪೂಜೆ ಮಾತ್ರ ಹೊರಗಿನ ತಗಡಿಗೆ, ಇದೆಂಥ ನ್ಯಾಯ? ಅದಕ್ಕೆ ಪ್ರತಿ ವರ್ಷ ಬಾನೆಟ್ ಎತ್ತಿ ಬ್ಯಾಟರಿಗೆ, ಎಂಜಿನ್ನಿಗೆ, ತಲೆ ಒಳಗೆ ಹಾಕಿ ತೋಳು ಉದ್ದ ಮಾಡಿ ಆ ಕಂಪ್ರೆಸರಿಗೂ ವಿಭೂತಿ ಎಳೆಯುತ್ತೇನೆ. ಎಣ್ಣೆ ಜಿಡ್ಡಿಗೆ ಹತ್ತಿಕೊಂಡ ಹೋದ ವರ್ಷದ ಬಿಳಿ ಗೆರೆ ಈ ವರ್ಷವೂ ಇರುತ್ತದೆ. ಅದರ ಮೇಲೇ ಹೊಸದು.

ಈ ವರ್ಷ ಟಾರ್ಚ್ ಬಿಟ್ಟು ನೋಡಿದರೆ ಕಂಪ್ರೆಸರಿನ ಮೇಲೆ ನನ್ನ ಗೆರೆಗಳಿಲ್ಲ. ಮುಂಭಾಗ ಒರೆಸಿದಂತೆ ಚೊಕ್ಕಟವಾಗಿತ್ತು. ಹಿಂದಿನ ಸಂದಿಗಳಲ್ಲಿ, ಬೋಲ್ಟಿನ ಬುಡದಲ್ಲಿ, ಜಿಡ್ಡಿನ ಜೊತೆ ಗಟ್ಟಿಯಾಗಿ ಕೂತಿತ್ತು ಹಳದಿ ಪುಡಿ.

“ಇದೇನ್ರಿ, ಭಂಡಾರ?” ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಬಗ್ಗಿ ನೋಡಿದಳು.

ಭಂಡಾರ ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಹಚ್ಚುವ ಅರಿಶಿನದ ಪುಡಿ. ನಮ್ಮ ಮನೆಯಲ್ಲಿ ಆ ನಡಾವಳಿಯೇ ಇಲ್ಲ. ವಿಭೂತಿಯ ಆಚೆ ನಾವು ಏನನ್ನೂ ಹಚ್ಚಿದವರಲ್ಲ.

ಕೀಲಿ ಹಾಕಿದ ಬಾಗಿಲಿನ ಹಿಂದೆ ದಿನಾ ಕಳ್ಳರನ್ನು ಕಾಣುವ ನನ್ನ ತಲೆ ಆ ಹೊತ್ತು ಎಂಥೆಂಥ ದಾರಿಯಲ್ಲಿ ಓಡಿತು ಗೊತ್ತೇ? ಗೆಳೆಯನೇ ಪ್ರೀತಿಯಿಂದ ಹಚ್ಚಿರಬಹುದು. ಅರಿಶಿನ ಹಚ್ಚಿದರೆ ಇಲಿ ಬರುವುದಿಲ್ಲವೇನೋ. ಗ್ಯಾಸು ಸೋರಿದ ಜಾಗ ಹುಡುಕಲು ಹಳದಿ ಬಣ್ಣ ಹಾಕುತ್ತಾರೆ ಎಂದು ವಿಡಿಯೋದಲ್ಲಿ ನೋಡಿದ್ದೆ, ಅದೇ ಇರಬಹುದು. ಇದ್ದ ಒಂದು ದಾರಿ ಬಿಟ್ಟು ಎಲ್ಲ ಕಡೆ ಓಡಿ ದಣಿದು ನಿಂತೆ.

“ಇದು ನಮ್ಮದಲ್ಲ” ಅಂದಳು ಹೆಂಡತಿ, ಮೆಲ್ಲಗೆ. “ಯಾರದೋ ಮನೀ ಪೂಜಿ ಆಗಿದ್ದು ಐತಿದು.” ಆಮೇಲೆ ನನ್ನ ಮುಖ ನೋಡಿದಳು. ಯಾವತ್ತೂ ಮಾಡುವಂತೆ ಚೇಷ್ಟೆ ಮಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಮಾರನೇ ದಿನ ಬನ್ನಿ ಹಬ್ಬ. ಅವತ್ತು ಗ್ಯಾರೇಜಿನವರು ಪಾನಾ ಮುಟ್ಟುವುದಿಲ್ಲ ಎಂದು ಗೊತ್ತಿದ್ದರೂ ಖಾನಾಪುರಕ್ಕೆ ಹೋದೆ. ಒಂದು ರಾತ್ರಿಗಿಂತ ಹೆಚ್ಚು ಅದನ್ನು ಒಳಗಿಟ್ಟುಕೊಳ್ಳುವ ತಾಕತ್ತು ನನಗಿಲ್ಲ. ಶೆಡ್ಡಿನಲ್ಲಿ ಪಾನಾಗಳು, ಗ್ಯಾಸಿನ ಸಿಲಿಂಡರು, ಮೀಟರು ಎಲ್ಲ ಒರೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ಚೆಂಡುಹೂವು ಏರಿಸಿಕೊಂಡು ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಗೆಳೆಯ ಬಿಳಿ ನೆಹರು ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ.

“ಬಾರಲೇ, ಬಾ! ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದು ನನ್ನ ಕೈಯಲ್ಲಿ ಬನ್ನಿ ಎಲೆ ತುರುಕಿ ಗಟ್ಟಿಯಾಗಿ ಅಪ್ಪಿಕೊಂಡ.

ವರ್ಷಗಟ್ಟಲೆ ಮಾತು ಬಿಟ್ಟವರೂ ಬನ್ನಿ ಕೊಟ್ಟು ಮಾತಾಡುವ ದಿನ ಅದು. ಜಗಳಕ್ಕೆ ಹೋಗಬಾರದ ಒಂದೇ ದಿನವನ್ನು ಆರಿಸಿಕೊಂಡು ನಾನು ಜಗಳಕ್ಕೆ ಬಂದಿದ್ದೆ. ಬನ್ನಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮೊಬೈಲ್ ತೆಗೆದು ಫೋಟೋ ತೋರಿಸಿದೆ.

“ಇದ ಯಾರ ಮನೀ ಭಂಡಾರಲೇ?”

ಅವನು ಮೊಬೈಲನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ನಾನು ಅವನೊಂದು ಸುಳ್ಳು ಹೇಳಲಿ ಎಂದು ಕಾಯುತ್ತಿದ್ದೆ. ನಾನೇ ಹಚ್ಚಿದ್ದು, ನಮ್ಮ ಅತ್ತೆ ಮನೆ ದೇವರದು ಅಂದಿದ್ದರೆ ಸಾಕಿತ್ತು, ನಂಬಿ, ಹೋಳಿಗೆ ಉಂಡು ವಾಪಸು ಬರುತ್ತಿದ್ದೆ. ಅಷ್ಟು ತ್ರಾಸನ್ನೂ ಅವನು ತೆಗೆದುಕೊಳ್ಳಲಿಲ್ಲ.

“ಹಿಂದಿನ ಬಾಜು ಒರಸೂದ ಮರತಬಿಟ್ಟಿದ್ದೆ ನೋಡು” ಎಂದ.

ಆಮೇಲೆ ಎಲ್ಲ ಹೇಳಿದ, ಹವಾಮಾನದ ಸುದ್ದಿ ಹೇಳುವಂತೆ. ನನ್ನ ಗಾಡಿಯ ಜಾಲರಿ ತೊಳೆಯಲು ಬಿಚ್ಚಿದ್ದ ದಿನವೇ ಒಬ್ಬ ಗುತ್ತಿಗೆದಾರ ಬಂದಿದ್ದನಂತೆ. ನನ್ನದೇ ಕಂಪನಿಯ, ನನ್ನದೇ ಮಾದರಿಯ ಗಾಡಿ. ಬೆಳಗಾದರೆ ಬೀಗರನ್ನು ಕೂರಿಸಿಕೊಂಡು ಗೋವಾಕ್ಕೆ ಲಗ್ನಕ್ಕೆ ಹೋಗಬೇಕು, ಕಂಪ್ರೆಸರ್ ಸತ್ತುಹೋಗಿದೆ.

“ಹೊಸದ ತರಸಾಕ ಟೈಮ್ ಬೇಕಿತ್ತು. ಅಂವಾ ಕುತಗಿ ಮ್ಯಾಲ ಕುಂತ. ನಿಂದು ಬಾಜೂಕನ ಬಿಚ್ಚಿ ನಿಂತಿತ್ತು. ಎರಡ ದಿನಕ್ಕಂತ ತಗದ ಅವಂಗ ಹಾಕಿ ಕಳಿಸಿದೆ. ಅವಂದು ರಿಪೇರಿ ಮಾಡಿ ನಿಂಗ ಹಾಕಿದೆ. ಹೋದಾಂವ ತಿರುಗಿ ಬರಲೇ ಇಲ್ಲ.”

“ಕರಸಬೇಕಿತ್ತಿಲ್ಲ?”

“ಕರಸಿ ಏನಂತ ಹೇಳ್ಲಿ? ನಿಂಗ ಹಾಕಿದ್ದು ನಮ್ಮ ದೋಸ್ತಂದು, ವಾಪಸ್ ಕೊಡು ಅಂತನ? ಊರ ತುಂಬ ಒದರತಾನಂವಾ.”

“ನಂಗರೆ ಹೇಳಬೇಕಿತ್ತಿಲ್ಲಲೇ?”

“ನಿಂಗ ಹೇಳಿದ್ರ ಚಿಂತಿ ಮಾಡತಿದ್ದಿ” ಎಂದ. ನನ್ನ ಮೇಲಿನ ಕನಿಕರದಿಂದಲೇ ಅಂದ, ಅದೇ ಕೆಟ್ಟದ್ದು. “ಮೊದಲ ಚಿಂತಿ ಮನಶ್ಯಾ ನೀ. ಸುಮ್ನ ಇನ್ನೊಂದ ಯಾಕ ಹಚ್ಚೂದು ಅಂತ ಬಿಟ್ಟೆ.”

“ಶೆಡ್ಡಿನ್ಯಾಗ ಬ್ಯಾರೇ ಗಾಡೀ ಇರಲಿಲ್ಲೇನ? ನನ್ನದ ಬೇಕಾತೇನ?”

“ಇದ್ದುವು. ಅವೆಲ್ಲಾ ಗಿರಾಕಿ ಗಾಡಿ. ಒಬ್ಬಾಂವ ಮುಂದನ ನಿಂತಿರತಾನ, ಒಬ್ಬಾಂವ ಫೋಟೋ ಹೊಡದ ಇಟಗೊಂಡಿರತಾನ. ಅವರದ ತಗದ್ರ ಕಳವು ಆಕ್ಕೈತಿ. ನಿಂದ ತಗದ್ರ ಕಡಾ ತಗೊಂಡಂಗ. ಮನ್ಯಾಗ ಸಕ್ಕರಿ ತೀರಿದ್ರ ಬಾಜೂ ಮನೀಗೆ ಬಟ್ಲಾ ಹಿಡಕೊಂಡ ಹೋಗೂದಿಲ್ಲೇನ?”

“ಬಟ್ಲಾ ಹಿಡಕೊಂಡ ಬಂದ ಕೇಳತಾರಪಾ” ಅಂದೆ. “ಮಂದಿ ಇಲ್ಲದಾಗ ಒಳಗ ಹೊಕ್ಕ ಡಬ್ಬಿ ಖಾಲಿ ಮಾಡಂಗಿಲ್ಲ. ಮಾಡಿದ ಮ್ಯಾಲ ಗೊತ್ತಾಗಬಾರ್ದಂತ ಉಪ್ಪ ತುಂಬಿ ಇಡಂಗಿಲ್ಲ.”

ಅವನು ನಕ್ಕ. ಸಿಕ್ಕಿಬಿದ್ದವನ ನಗೆಯಲ್ಲ, ನಾನು ಚಲೋ ಮಾತು ಆಡಿದೆ ಎಂದು ಮೆಚ್ಚಿದ ನಗೆ. “ಬಿಡಲೇ, ಬನ್ನಿ ತಗೊಂಡೀವಿ ಈಗ. ಹೊಸದ ತರಸಿ ನಾನ ಹಾಕಿ ಕೊಡತೀನಿ. ಒಳಗ ನಡಿ, ಹೋಳಿಗಿ ಆರತಾವು.”

ಉಣ್ಣದೆ ಬಂದೆ. ಹಬ್ಬದ ದಿನ ಬಾಗಿಲಿಗೆ ಬಂದವನು ಉಣ್ಣದೆ ಹೋದದ್ದಕ್ಕೆ ಅವನ ಮುಖ ಸಣ್ಣದಾಯಿತು. ಕಂಪ್ರೆಸರ್ ತೆಗೆದದ್ದಕ್ಕೆ ಆಗಿರಲಿಲ್ಲ.

ದಾರಿಯುದ್ದಕ್ಕೂ ಅಡಿಕೆ ಕತ್ತರಿಸುವ ಸದ್ದಿಗೆ ಎ.ಸಿ. ಬಂದ್ ಮಾಡಿ, ಕಿಟಕಿ ಇಳಿಸಿಕೊಂಡು ಬಂದೆ. ವಸ್ತು ಹೋದದ್ದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಒಂದು ಚಿತ್ರ. ಶೆಡ್ಡಿನ ನಡುವೆ ಅವನು ಪಾನಾ ಹಿಡಿದು ನಿಂತಿದ್ದಾನೆ, ಸುತ್ತ ಗಾಡಿಗಳು ನಿಂತಿವೆ, ಇವುಗಳಲ್ಲಿ ಯಾವುದನ್ನು ಮುಟ್ಟಿದರೆ ಕೇಳುವವರಿಲ್ಲ ಎಂದು ಒಮ್ಮೆ ಕಣ್ಣಾಡಿಸುತ್ತಾನೆ, ಕೈ ಸೀದಾ ನನ್ನದಕ್ಕೆ ಬರುತ್ತದೆ. ಯೋಚನೆ ಕೂಡ ಮಾಡಬೇಕಾಗುವುದಿಲ್ಲ. ಬೇರೆಯವರ ಗಾಡಿಗಳನ್ನು ಅವರ ಸಂಶಯ ಕಾಯುತ್ತಿತ್ತು. ಊರಿನಲ್ಲೆಲ್ಲ ನನ್ನಷ್ಟು ಸಂಶಯದ ಪ್ರಾಣಿ ಇನ್ನೊಂದಿಲ್ಲ, ಆ ಶೆಡ್ಡಿನಲ್ಲಿ ಕಾವಲಿಲ್ಲದೆ ನಿಂತಿದ್ದದ್ದು ನನ್ನದೊಂದೇ. ನಾನು ಅವನಿಗೆ ಕೊಟ್ಟದ್ದನ್ನು ಗೌರವ ಅಂದುಕೊಂಡಿದ್ದೆ. ಅವನಿಗೆ ಅದು ತೆರೆದ ಕಪಾಟು.

“ಬ್ಯಾರೇ ಕಡೆ ಒಯ್ರಿ ಗಾಡಿ” ಅಂದಳು ಹೆಂಡತಿ. ಸರಿಯಾದ ಮಾತು. ಆದರೆ ಬೇರೆ ಕಡೆ ಒಯ್ದರೆ ಎಲ್ಲ ಮುಗಿಯಿತು ಎಂದು ನಾನೇ ಬರೆದುಕೊಟ್ಟಂತೆ. ಅವನೇ ಬಿಚ್ಚಿ, ಅವನೇ ಹಾಕಿ, ಆ ಹರಿದ ಸೀಟಿನ ಮೇಲೆ ನನಗೆ ಮತ್ತೊಮ್ಮೆ ತೂಕಡಿಕೆ ಬಂದರೆ ಸಾಕು, ಎಲ್ಲ ಮೊದಲಿನಂತಾಗುತ್ತದೆ ಎಂಬ ಹುಚ್ಚು ಆಸೆ. ಚಿಂತೆ ಮಾಡುವವರು ಕೆಟ್ಟದ್ದನ್ನೇ ಎದುರು ನೋಡುತ್ತಾರೆ ಎಂದು ಜನ ತಿಳಿದಿದ್ದಾರೆ. ಒಳಗೊಳಗೆ ನಾವೇ ಎಲ್ಲರಿಗಿಂತ ದೊಡ್ಡ ಆಶಾವಾದಿಗಳು.

ಹೊಸ ಕಂಪ್ರೆಸರ್ ಬಂದಿದೆ ಎಂದು ಫೋನು ಬಂದಾಗ ಹೆಂಡತಿ ತಾನೂ ಬರುತ್ತೇನೆಂದು ಹೊರಟಳು. ಶೆಡ್ಡಿನಲ್ಲಿ ಅವನು ಆಕೆಯನ್ನು “ಬರ್ರಿ ವೈನಿ, ಕುಂದರ್ರಿ” ಎಂದು ಆ ಸೀಟಿನ ಮೇಲೆ ಕೂರಿಸಿದ. ನನಗೂ ಬಾಜೂಕ್ಕೆ ಜಾಗ ತೋರಿಸಿದ. ನಾನು ಕೂರಲೆಂದೇ ಹೋದವನು. ಅವನು ಬಾನೆಟ್ ಎತ್ತಿದ. ನನ್ನ ಕಾಲು ಎದ್ದು ಹೋಗಿ ಬಾನೆಟ್ಟಿನ ಪಕ್ಕ ನಿಂತಿತು.

“ಕುಂದ್ರಲೇ, ಹೊತ್ತಾಕ್ಕೈತಿ.”

“ಇರಲಿ. ಇಲ್ಲೇ ನಿಂದರತೀನಿ.”

ಅವನು ಒಮ್ಮೆ ನನ್ನನ್ನು ನೋಡಿದ. ಬೈಯಲಿ, ವಿಡಿಯೋದಾವನ ಕಡೆ ಹೋಗು ಅನ್ನಲಿ ಎಂದು ಕಾದೆ. ಅವನು ಹೊಸ ಡಬ್ಬಿಯನ್ನು ನನ್ನ ಮುಂದೆ ಹಿಡಿದು, ಸೀಲು ತೋರಿಸಿ, ಆಮೇಲೆ ಒಡೆದ. ಬೆಲ್ಟು ಇಳಿಸಿದ, ಭಂಡಾರದ ಕಂಪ್ರೆಸರ್ ಬಿಚ್ಚಿದ, ಹೊಸದನ್ನು ಕೂರಿಸಿದ. ಆ ದೊಡ್ಡ ಗಂಟಲಿನಿಂದ ಒಂದು ಜಂಭದ ಮಾತೂ ಹೊರಡಲಿಲ್ಲ. ಪಾನಾ ಬೋಲ್ಟಿಗೆ ತಾಗುವ ಸದ್ದು ಮಾತ್ರ. ನನ್ನ ಸೊಂಟ ನೋಯುತ್ತಿತ್ತು, ಆದರೂ ಅವನ ಕೈಯಿಂದ ಕಣ್ಣು ತೆಗೆಯಲಾಗಲಿಲ್ಲ. ಗ್ಯಾಸು ತುಂಬಿ, ಮೀಟರಿನ ಮುಳ್ಳನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ನನಗೆ ಅದು ತಿಳಿಯದು. ತಿಳಿದವನಂತೆ ತಲೆಯಾಡಿಸಿದೆ.

ಕೊನೆಗೆ ಕೈ ತೊಳೆದು ಬಂದು, ಬಿಚ್ಚಿದ ಕಂಪ್ರೆಸರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟ.

“ಇದ್ಯಾಕ?” ಅಂದೆ.

“ಹಳೇ ಸಾಮಾನ ಗಿರಾಕಿಗೆ ಕೊಡೂದ ನಮ್ಮಲ್ಲಿ ಪದ್ಧತಿ. ಆಮ್ಯಾಲ ಮಾತ ಬರಬಾರ್ದು” ಎಂದ, ಡಿಕ್ಕಿ ಮುಚ್ಚುತ್ತ. ಇಷ್ಟು ವರ್ಷಗಳಲ್ಲಿ ಅವನು ನನಗೆ ಹಳೆಯ ಸಾಮಾನು ಕೊಟ್ಟದ್ದು ಅದೇ ಮೊದಲು. ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ರಸ್ತೆಯ ಆಚೆ ನಿಂತಿದ್ದ ಇನ್ನೊಂದು ಗಾಡಿಯ ಕಡೆ ಹೋದ. ಅದರ ಮಾಲೀಕ ಬಾನೆಟ್ಟಿನ ಪಕ್ಕ ನಿಂತಿದ್ದ.

ವಾಪಸು ಬರುವಾಗ ಸದ್ದು ಇರಲಿಲ್ಲ. ಎ.ಸಿ. ಚಲೋ ನಡೆದಿತ್ತು. ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದನ್ನು ಗಾಳಿ ಬರುವ ಕಿಂಡಿಯ ಮುಂದೆ ಇಟ್ಟುಕೊಂಡಿದ್ದೆ. ಖಾನಾಪುರ ದಾಟಿತು, ಬೆಳಗಾವಿಯ ಮೇಲ್ಸೇತುವೆ ಬಂತು.

“ಕೈ ತಗೀರಿನ್ನ” ಅಂದಳು ಹೆಂಡತಿ. “ಥಂಡ ಬರಾಕತ್ತೈತಿ.”

“ಗೊತ್ತೈತಿ” ಅಂದೆ. ಕೈ ಅಲ್ಲೇ ಇತ್ತು.